ಗಾಳಕ್ಕೆ ಜಾಗವಿಲ್ಲದ ನದಿದಂಡೆ

ನದಿಯ ದಡದಲ್ಲಿ ಹೊಸದಾಗಿ ನೆಟ್ಟ ಒಂದು ನೀಲಿ ಫಲಕ. ಅದರಲ್ಲಿ ಮೂರು ಚಿತ್ರಗಳು. ಮೊದಲನೆಯದರಲ್ಲಿ ಒಬ್ಬ ಬೀಸುಗಾಲಿಕ್ಕಿ ನಡೆಯುತ್ತಿದ್ದಾನೆ, ಎರಡನೆಯದರಲ್ಲಿ ಒಬ್ಬ ಹೆಲ್ಮೆಟ್ ಧರಿಸಿ ಸೈಕಲ್ ತುಳಿಯುತ್ತಿದ್ದಾನೆ. ಎರಡಕ್ಕೂ ಹಸಿರು ವೃತ್ತ. ಮೂರನೆಯ ಚಿತ್ರದಲ್ಲಿ ಗಾಳ ಹಿಡಿದು ಕುಳಿತ ಮನುಷ್ಯನಿದ್ದಾನೆ; ಅವನ ಮೇಲೆ ಅಡ್ಡಲಾಗಿ ಒಂದು ಕೆಂಪು ಗೆರೆ.

ಊರಿನ ಹೆಸರು ಬೇಡ. ನಾವು ನಾಲ್ಕೈದು ಮಂದಿ ಗೆಳೆಯರು ಸುಬ್‌ಹಿ ನಮಾಝ್ ಮುಗಿಸಿ ಆ ದಾರಿಯಲ್ಲಿ ನಡೆಯುವವರು. ನಮ್ಮಲ್ಲಿ ಇಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ರಕ್ತದೊತ್ತಡ. ವೈದ್ಯರು ಹೇಳದೇ ಇರುತ್ತಿದ್ದರೆ ಆ ಹೊತ್ತಿಗೆ ನಾವು ಚಹಾದಂಗಡಿಯ ಬೆಂಚಿನ ಮೇಲಿರುತ್ತಿದ್ದೆವು. ಒಂದು ಬೆಳಗ್ಗೆ ಆ ಫಲಕದಿಂದ ಹತ್ತು ಹೆಜ್ಜೆ ದೂರದಲ್ಲಿ ಒಬ್ಬ ವೃದ್ಧರು ಕುಳಿತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಬಾಟಲಿಗೆ ಸುತ್ತಿದ ನೈಲಾನ್ ದಾರ, ಪಕ್ಕದಲ್ಲಿ ತೆಂಗಿನ ಗೆರಟೆಯಲ್ಲಿ ಒಂದಿಷ್ಟು ಸಿಗಡಿ ತುಂಡುಗಳು. ಕಾವಲುಗಾರ ಬಂದು, 'ಅಜ್ಜಾ, ಇಲ್ಲಿ ಗಾಳ ಹಾಕುವ ಹಾಗಿಲ್ಲ. ಬೋರ್ಡು ಕಾಣುವುದಿಲ್ವಾ?' ಎಂದ. 'ನಾನು ಬಂದದ್ದು ಮೀನಿಗೆ ಮಾರಾಯಾ, ಬೋರ್ಡು ಓದಲಿಕ್ಕಲ್ಲ' ಎಂದರು ಅಜ್ಜ. ಕಾವಲುಗಾರನೂ ಕೆಟ್ಟವನಲ್ಲ, ದಿನಗೂಲಿಯ ಹುಡುಗ. ಮೇಲಿನವರು ನೋಡಿದರೆ ತನ್ನ ಕೆಲಸ ಹೋಗುತ್ತದೆಂದು ಬೇಡಿಕೊಂಡ. ಅಜ್ಜ ದಾರವನ್ನು ಬಾಟಲಿಗೆ ಸುತ್ತಿಕೊಂಡು ಎದ್ದರು. ನಾವು ಒಂದೇ ಒಂದು ಮಾತನ್ನೂ ಆಡದೆ ಮುಂದೆ ನಡೆದೆವು. ಆ ಮೌನದ ಕಿರಿಕಿರಿಯೇ ಈ ಬರಹಕ್ಕೆ ಕಾರಣ.

ಮೊದಲೇ ಹೇಳಿಬಿಡುತ್ತೇವೆ: ನದಿಯ ದಂಡೆಯಲ್ಲಿ ಕಾಲುದಾರಿ ಬೇಡವೆಂದು ವಾದಿಸುವವರು ನಾವಲ್ಲ. ನಮ್ಮ ನಗರಗಳಲ್ಲಿ ನಡೆಯಲು ಜಾಗವೆಲ್ಲಿದೆ? ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ನಿಲ್ಲಿಸಿದ ಕಾರು, ಕಾರಿನ ಪಕ್ಕ ತೆರೆದ ಚರಂಡಿ. ಅದರಲ್ಲೂ ನಮ್ಮ ಹೆಣ್ಣುಮಕ್ಕಳ ಪಾಡು ಕೇಳುವುದೇ ಬೇಡ. ಮನೆಯ ನಾಲ್ಕು ಗೋಡೆಗಳ ಒಳಗೆ ದುಡಿದು ದುಡಿದು ನಲವತ್ತಕ್ಕೇ ಮೊಣಕಾಲು ನೋವು, ಸಕ್ಕರೆ ಕಾಯಿಲೆ ಹತ್ತಿಸಿಕೊಂಡ ಎಷ್ಟೋ ಮಂದಿ ತಾಯಂದಿರಿಗೆ ವೈದ್ಯರು 'ದಿನಾ ಅರ್ಧ ಗಂಟೆ ನಡೆಯಿರಿ' ಎಂದು ಚೀಟಿ ಬರೆದು ಕೊಡುತ್ತಾರೆ. ಎಲ್ಲಿ ನಡೆಯಬೇಕು ಎಂದು ಬರೆಯುವುದಿಲ್ಲ. ಈಗ ಈ ದಾರಿಯಲ್ಲಿ ಬುರ್ಖಾ ತೊಟ್ಟ ಮೂವರು ನಾಲ್ವರು ಜೊತೆಯಾಗಿ, ಚಪ್ಪಲಿ ಬಿಟ್ಟು ಸ್ಪೋರ್ಟ್ಸ್ ಶೂ ಹಾಕಿಕೊಂಡು, ಯಾರ ಹಂಗೂ ಇಲ್ಲದೆ ಬಿರಬಿರನೆ ನಡೆಯುವುದನ್ನು ನೋಡಿದರೆ ಸಂತೋಷವಾಗುತ್ತದೆ. ಇದನ್ನು ಬೂರ್ಜ್ವಾ ವಿಲಾಸ ಎಂದು ತಳ್ಳಿಹಾಕುವ ಮಿತ್ರರು ತಮ್ಮ ಮನೆಯ ಹೆಂಗಸರನ್ನು ಒಮ್ಮೆ ಕೇಳಿ ನೋಡಲಿ.

ಆದ್ದರಿಂದ ನಮ್ಮ ತಕರಾರು ಹಸಿರು ವೃತ್ತಗಳ ಮೇಲಲ್ಲ, ಆ ಕೆಂಪು ಗೆರೆಯ ಮೇಲೆ. ನದಿಯ ದಂಡೆಯಲ್ಲಿ ಮನುಷ್ಯ ನಡೆಯಬಹುದು, ಓಡಬಹುದು, ಸೈಕಲ್ ತುಳಿಯಬಹುದು, ಮೊಬೈಲಿನಲ್ಲಿ ತನ್ನದೇ ಚಿತ್ರ ತೆಗೆದುಕೊಳ್ಳಬಹುದು. ಆದರೆ ನದಿಯಿಂದ ಏನನ್ನೂ ಪಡೆಯಬಾರದು. ನೀರನ್ನು ನೋಡಬಹುದು, ಮುಟ್ಟುವಂತಿಲ್ಲ. ಸಾವಿರಾರು ವರ್ಷ ನದಿಯನ್ನು ಮುಟ್ಟಿ ಬದುಕಿದವರನ್ನು ಹೊರಗಿಟ್ಟು ಅದನ್ನು ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಚಿತ್ರವಾಗಿಸುವ ಕೆಲಸಕ್ಕೆ ಇಂದು 'ನದಿದಂಡೆಯ ಅಭಿವೃದ್ಧಿ' ಎಂಬ ಹೆಸರಿದೆ.

ಸೈಕಲ್ಲಿನ ವಿಷಯವನ್ನೇ ನೋಡಿ. ಕರಾವಳಿಯಲ್ಲಿ ಸೈಕಲ್ ಎಂದರೆ ಮೊದಲು ನೆನಪಾಗುತ್ತಿದ್ದುದು ಮೀನು ಮಾರುವ ಬ್ಯಾರಿಗಳು. ದಕ್ಕೆಯಿಂದ ನಸುಕಿನಲ್ಲೇ ಮೀನು ತುಂಬಿಕೊಂಡು, ಹಿಂದಿನ ಕ್ಯಾರಿಯರಿಗೆ ಪೆಟ್ಟಿಗೆ ಕಟ್ಟಿ, ರಬ್ಬರಿನ ಹಾರ್ನ್ ಒತ್ತುತ್ತಾ ಹತ್ತಾರು ಮೈಲಿ ದೂರದ ಹಳ್ಳಿಗಳವರೆಗೆ ಹೋಗಿ ಬರುತ್ತಿದ್ದರು. ಆ ಹಾರ್ನಿನ ಸದ್ದಿಗೆ ಮನೆಯ ಬೆಕ್ಕು ಮೊದಲು ಹೊರಗೆ ಬರುತ್ತಿತ್ತು, ಆಮೇಲೆ ಮನೆಯೊಡತಿ. ಮುಂದೆ ಅವರಲ್ಲಿ ಹಲವರು ಬಜಾಜ್ ಎಂ-80ಕ್ಕೆ ಬಡ್ತಿ ಪಡೆದರು. ಆ ಗಾಡಿಯನ್ನು ಕರಾವಳಿಯಲ್ಲಿ ಉಳಿಸಿದವರೇ ಮೀನು ವ್ಯಾಪಾರಿಗಳು ಎಂದು ತಮಾಷೆ ಮಾಡುವುದುಂಟು. ಈಗ ನದಿದಂಡೆಯಲ್ಲಿ ಸೈಕಲ್ಲಿಗೆಂದೇ ಬಣ್ಣ ಬಳಿದ ಪ್ರತ್ಯೇಕ ಪಥವಿದೆ. ಆದರೆ ಕ್ಯಾರಿಯರಿನಲ್ಲಿ ಮೀನಿನ ಪೆಟ್ಟಿಗೆ ಇರುವ ಸೈಕಲ್ಲು ಆ ಪಥಕ್ಕೆ ಬಂದರೆ ಏನಾಗುತ್ತದೆ? ಅದೇ ಎರಡು ಚಕ್ರ, ಅದೇ ಪೆಡಲು. ಗೇರಿನ ಸೈಕಲ್ಲಿನಲ್ಲಿ ಬೆವರು ಸುರಿಸುವವನು ಪರಿಸರಪ್ರೇಮಿ, ಹೊಟ್ಟೆಪಾಡಿಗಾಗಿ ಬೆವರು ಸುರಿಸುವವನು ಅತಿಕ್ರಮಣಕಾರ! ಬೆವರಿನಲ್ಲೂ ಜಾತಿ ಹುಡುಕುವ ಕಲೆಯನ್ನು ನಮ್ಮ ನಗರ ಯೋಜಕರು ಎಲ್ಲಿ ಕಲಿತರೋ.

ಎಲ್ಲಿ ಕಲಿತರೆಂದು ತಿಳಿಯಲು ಅಹಮದಾಬಾದಿಗೆ ಹೋಗಬೇಕು. ಇಂದು ದೇಶದ ಯಾವುದೇ ನಗರದಲ್ಲಿ ನದಿಗೆ ಕಾಂಕ್ರೀಟು ಸುರಿಯುವ ಮೊದಲು ಅಧಿಕಾರಿಗಳು ಉಚ್ಚರಿಸುವ ಮಂತ್ರ 'ಸಾಬರಮತಿ ಮಾದರಿ'. ಶಿವಮೊಗ್ಗದ ತುಂಗೆಯ ದಡವಿರಲಿ, ಮಂಗಳೂರಿನ ನೇತ್ರಾವತಿಯ ದಡವಿರಲಿ, 2015ರಲ್ಲಿ ಸ್ಮಾರ್ಟ್ ಸಿಟಿ ಯೋಜನೆ ಆರಂಭವಾದ ಮೇಲೆ ರೂಪುಗೊಂಡ ನಕ್ಷೆಗಳ ಬೆನ್ನಿಗೆ ಈ ಮಾದರಿ ನಿಂತಿದೆ. ಆದ್ದರಿಂದ ಆ ಮಾದರಿಯ ಒಳಗೆ ಏನಿದೆ ಎಂದು ನಾವು ತಿಳಿದುಕೊಳ್ಳುವುದು ಲೇಸು.

1411ರಲ್ಲಿ ಸುಲ್ತಾನ್ ಅಹ್ಮದ್ ಶಾಹ್ ಸಾಬರಮತಿಯ ಪೂರ್ವದಂಡೆಯಲ್ಲಿ ಆ ನಗರವನ್ನು ಕಟ್ಟಿದ. ಸಾಬರಮತಿ ಮಳೆಗಾಲದಲ್ಲಿ ಉಕ್ಕಿ ಹರಿದು, ಉಳಿದ ತಿಂಗಳುಗಳಲ್ಲಿ ಮರಳಿನ ನಡುವೆ ಸಣ್ಣ ಧಾರೆಯಾಗುವ ನದಿ. ಆ ವಿಶಾಲ ಮರಳ ಹಾಸೇ ಬಡವರ ಆಸ್ತಿಯಾಗಿತ್ತು. ಅಲ್ಲಿ ಬೇಸಿಗೆಯಲ್ಲಿ ಕರಬೂಜ, ತರಕಾರಿ ಬೆಳೆಯುತ್ತಿದ್ದರು. ಅಗಸರು ಬಟ್ಟೆ ಒಗೆಯುತ್ತಿದ್ದರು. ದನ, ಕತ್ತೆಗಳು ಮೇಯುತ್ತಿದ್ದವು. ಸರ್ಕಸ್ಸಿನ ಡೇರೆಗಳು ಏಳುತ್ತಿದ್ದವು. 'ಮಾತಾ ನಿ ಪಚೇಡಿ' ಎಂಬ ಚಿತ್ರದ ಬಟ್ಟೆಗಳನ್ನು ತಯಾರಿಸುವ ಕುಟುಂಬಗಳು ಬಣ್ಣ ಹಾಕಿದ ಬಟ್ಟೆಯನ್ನು ತೊಳೆಯಲು ಬರುತ್ತಿದ್ದುದೂ ಈ ನದಿಗೇ. ದೇಗುಲದೊಳಗೆ ಪ್ರವೇಶವಿಲ್ಲದ ಸಮುದಾಯವೊಂದು ಬಟ್ಟೆಯ ಮೇಲೆಯೇ ದೇವಿಯ ಗುಡಿಯನ್ನು ಬರೆದುಕೊಂಡು ಪೂಜಿಸಿದ ಕಲೆ ಅದು. ಅದರ ಬಣ್ಣ ಸರಿಯಾಗಿ ನಿಲ್ಲಬೇಕಾದರೆ ಹರಿಯುವ ನೀರೇ ಬೇಕು. ನಿಂತ ನೀರಿನಲ್ಲಿ ಬಿಟ್ಟ ಬಣ್ಣ ಮತ್ತೆ ಬಟ್ಟೆಗೇ ಮೆತ್ತಿಕೊಳ್ಳುತ್ತದೆ. ಎಲ್ಲಿಸ್ ಸೇತುವೆಯ ಬಳಿ ಪ್ರತಿ ಭಾನುವಾರ ಗುಜರಿ ಬಜಾರ್ ನೆರೆಯುತ್ತಿತ್ತು. ಅಹ್ಮದ್ ಶಾಹನ ಕಾಲದಿಂದ ಬಂದದ್ದೆಂದು ಹೇಳಲಾಗುವ ಈ ಸಂತೆಯಲ್ಲಿ ಹಳೆಯ ಪುಸ್ತಕ, ಸುತ್ತಿಗೆ, ಮಂಚ, ಪಾತ್ರೆ, ಮೇಕೆ ಎಲ್ಲವೂ ಸಿಗುತ್ತಿತ್ತು. ಮುಸ್ಲಿಮರು, ದಲಿತರು, ಅವರಲ್ಲಿ ಬಹಳಷ್ಟು ಮಂದಿ ಹೆಂಗಸರು ಅಲ್ಲಿನ ವ್ಯಾಪಾರಿಗಳು. ದಂಡೆಯುದ್ದಕ್ಕೂ ಇದ್ದ ಗುಡಿಸಲುಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಇದ್ದರು. ಗೋಡೆ ಕಟ್ಟಿ ಮೊಹಲ್ಲಾಗಳನ್ನು ಬೇರ್ಪಡಿಸಿಕೊಂಡ ಒಂದು ನಗರದಲ್ಲಿ ಇದು ಸಣ್ಣ ಸಂಗತಿಯಲ್ಲ.

ನದಿದಂಡೆಯನ್ನು ರೂಪಿಸುವ ಕನಸು ಹೊಸದಲ್ಲ. ಫ್ರೆಂಚ್ ವಾಸ್ತುಶಿಲ್ಪಿ ಬರ್ನಾರ್ಡ್ ಕೋನ್ 1960ರ ದಶಕದಲ್ಲೇ ಅದನ್ನು ಮುಂದಿಟ್ಟಿದ್ದರು. ಆದರೆ ನಗರಪಾಲಿಕೆ ಇದಕ್ಕೆಂದೇ ಒಂದು ಕಂಪೆನಿಯನ್ನು ಸ್ಥಾಪಿಸಿದ್ದು 1997ರಲ್ಲಿ, ಕೆಲಸ ಆರಂಭವಾದದ್ದು 2005ರಲ್ಲಿ, ಕೆಳಗಿನ ನಡಿಗೆ ದಾರಿ ಜನರಿಗೆ ತೆರೆದದ್ದು 2012ರಲ್ಲಿ. ಎರಡೂ ದಡಗಳಲ್ಲಿ ತಲಾ ಹನ್ನೊಂದು ಕಿ.ಮೀ.ಗೂ ಮಿಕ್ಕಿದ ಉದ್ದಕ್ಕೆ ಕಾಂಕ್ರೀಟ್ ಗೋಡೆ ಎದ್ದಿತು. ಎಲ್ಲೋ ಅಗಲ, ಎಲ್ಲೋ ಕಿರಿದಾಗಿದ್ದ ನದಿಯನ್ನು ಒಂದೇ ಸಮನಾಗಿ 263 ಮೀಟರಿಗೆ ಕತ್ತರಿಸಿ ನಿಲ್ಲಿಸಲಾಯಿತು. ನದಿಯಿಂದ ಹೀಗೆ ಕಸಿದುಕೊಂಡ ನೆಲ ಸುಮಾರು 200 ಹೆಕ್ಟೇರ್. ಅದರಲ್ಲಿ ಒಂದು ಪಾಲನ್ನು ವಾಣಿಜ್ಯ ಕಟ್ಟಡಗಳಿಗಾಗಿ ಮಾರಿ ಖರ್ಚು ತುಂಬಿಸಿಕೊಳ್ಳುವುದೇ ಲೆಕ್ಕಾಚಾರ. ಅಂದರೆ ನದಿಯನ್ನು ಉದ್ಧಾರ ಮಾಡುವುದಕ್ಕೆ ದುಡ್ಡು ಬೇಕು, ಆ ದುಡ್ಡು ನದಿಯನ್ನು ಮಾರಿಯೇ ಬರಬೇಕು!

ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ದಂಡೆಯಿಂದ ಎದ್ದು ಹೋದವು. ಸುಮ್ಮನೆ ಹೋಗಲಿಲ್ಲ. ಸಾಬರಮತಿ ನಾಗರಿಕ ಅಧಿಕಾರ ಮಂಚ್ ಎಂಬ ಸಂಘಟನೆ ಕಟ್ಟಿಕೊಂಡು 2005ರಲ್ಲಿ ಗುಜರಾತ್ ಹೈಕೋರ್ಟಿನ ಮೊರೆಹೋದವು. ಪುನರ್ವಸತಿ ಎಂಬುದು ಏನಾದರೂ ದಕ್ಕಿದ್ದರೆ ಅದು ಈ ಹೋರಾಟದ ಫಲವೇ ಹೊರತು ಯೋಜನೆಯ ಔದಾರ್ಯವಲ್ಲ. ಹಾಗಿದ್ದೂ 2011ರ ನೆಲಸಮ ಕಾರ್ಯಾಚರಣೆಯ ಬಳಿಕ ಅನೇಕ ಕುಟುಂಬಗಳು ಪಿಪ್ಲಜ್ ಬಳಿಯ ಬಯಲಿನಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ದಿನ ದೂಡಬೇಕಾಯಿತು. ವಟವಾದಂಥ ದೂರದ ಅಂಚಿನಲ್ಲಿ ಫ್ಲ್ಯಾಟು ಸಿಕ್ಕವರಿಗೆ ಸೂರು ಸಿಕ್ಕಿತು, ಕೆಲಸ ತಪ್ಪಿತು. ನದಿಯ ಪಕ್ಕದಿಂದ ನಡೆದೇ ಹೋಗಿ ಮಾಡುತ್ತಿದ್ದ ಮನೆಗೆಲಸ, ತಳ್ಳುಗಾಡಿಯ ವ್ಯಾಪಾರ, ಕೂಲಿ ಇವಕ್ಕೆಲ್ಲ ಈಗ ಬಸ್ಸಿಗೆ, ರಿಕ್ಷಾಕ್ಕೆ ದುಡ್ಡು ಕೊಟ್ಟು ಬರಬೇಕು. ನಡಿಗೆ ದಾರಿಯನ್ನು ಕಟ್ಟಿದ ಯೋಜನೆ ನಿಜವಾಗಿಯೂ ನಡೆದು ಬದುಕುತ್ತಿದ್ದವರ ನಡಿಗೆಯನ್ನೇ ಕಿತ್ತುಕೊಂಡಿತು.

ಅಗಸರಿಗೆ ಹೊಸ ಧೋಬಿಘಾಟ್ ಕಟ್ಟಿಕೊಟ್ಟಿದ್ದಾರೆ, ಗುಜರಿ ಬಜಾರಿಗೆ 2014ರಲ್ಲಿ ಕಟ್ಟೆಗಳಿರುವ ಹೊಸ ಜಾಗ ಸಿಕ್ಕಿದೆ ಎಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ಸಂತೆಗೆ ಆ ಜಾಗ ಸಿಕ್ಕಿದ್ದು ವ್ಯಾಪಾರಿಗಳ ಸಂಘ ಜಗಳವಾಡಿದ್ದರಿಂದ. ಜಗಳವಾಡಲು ಸಂಘವಿಲ್ಲದ ಕರಬೂಜದ ಬೇಸಾಯಗಾರನಿಗೆ ಏನು ಸಿಕ್ಕಿತು? ಅವನ ಹೊಲವೇ ನೀರಿನಡಿ ಹೋಯಿತು.

ಆ ನೀರಾದರೂ ಯಾರದು? ಗೋಡೆಗಳ ನಡುವೆ ತುಂಬಿ ಕನ್ನಡಿಯಂತೆ ಹೊಳೆಯುವುದು ಸಾಬರಮತಿಯ ನೀರಲ್ಲ, ನರ್ಮದಾ ಕಾಲುವೆಯಿಂದ ಬಿಟ್ಟದ್ದು. ಕಛ್ ಮತ್ತು ಸೌರಾಷ್ಟ್ರದ ಬಾಯಾರಿದ ಜನರ ಹೆಸರು ಹೇಳಿ, ಕಣಿವೆಯ ಆದಿವಾಸಿಗಳನ್ನು ಮುಳುಗಿಸಿ ತಂದ ನರ್ಮದೆ ಇಲ್ಲಿ ವಾಸಣಾ ಬ್ಯಾರೇಜಿನ ಹಿಂದೆ ನಿಂತು ವಾಯುವಿಹಾರಿಗಳ ಕಣ್ಣು ತಂಪು ಮಾಡುತ್ತಾಳೆ. ಬ್ಯಾರೇಜನ್ನು ದಾಟಿ ಕೆಳಗೆ ಹೋದರೆ ಕಾಣುವುದೇ ಬೇರೆ: ನಗರದ ಕೊಳಚೆ, ಕಾರ್ಖಾನೆಗಳ ರಾಸಾಯನಿಕ, ನೊರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯಲ್ಲಿ ಸಾಬರಮತಿ ದೇಶದ ಅತ್ಯಂತ ಮಲಿನ ನದಿಗಳ ಸಾಲಿನಲ್ಲಿದೆ. 2021ರಲ್ಲಿ ಗುಜರಾತ್ ಹೈಕೋರ್ಟ್ ಈ ಮಾಲಿನ್ಯದ ಬಗ್ಗೆ ತಾನೇ ಮುಂದಾಗಿ ಪ್ರಕರಣ ದಾಖಲಿಸಿಕೊಂಡಿತು. ಅದರ ಮರುವರ್ಷವೇ, 2022ರ ಆಗಸ್ಟಿನಲ್ಲಿ, ನದಿಗೆ ಅಡ್ಡಲಾಗಿ ಅಟಲ್ ಸೇತುವೆ ಎಂಬ ಕಾಲುಸೇತುವೆ ಉದ್ಘಾಟನೆಗೊಂಡಿತು. ಕೆಲವೇ ದಿನಗಳಲ್ಲಿ ಅದರ ಮೇಲೆ ನಡೆಯಲು ದೊಡ್ಡವರಿಗೆ 30 ರೂಪಾಯಿ ಟಿಕೆಟು ಬಂತು. ಗಂಡ, ಹೆಂಡತಿ ಇಬ್ಬರು ಹೋದರೆ ಅರವತ್ತು ರೂಪಾಯಿ. ನಡೆಯುವುದಕ್ಕೆ!

ಸಾಬರಮತಿಯ ದಂಡೆಯಿಂದ ಹೊರಟ ಅತ್ಯಂತ ಪ್ರಸಿದ್ಧ ನಡಿಗೆಯೊಂದಿದೆ. ಈ ಯೋಜನೆಯ ಭಜಕರಿಗೆ ಅದನ್ನು ನೆನಪಿಸಬೇಕು. 1930ರ ಮಾರ್ಚ್ 12ರಂದು ಗಾಂಧೀಜಿ ತಮ್ಮ ಆಶ್ರಮದಿಂದ ದಂಡಿಗೆ ಹೊರಟರು. ಅದು ಆರೋಗ್ಯಕ್ಕಾಗಿ ಮಾಡಿದ ನಡಿಗೆಯಾಗಿರಲಿಲ್ಲ. ದಡದಲ್ಲಿ ನಿಸರ್ಗ ಬಿಟ್ಟುಹೋದ ಉಪ್ಪನ್ನು ಬಡವ ಬಾಗಿ ಎತ್ತಿಕೊಳ್ಳಬಹುದೇ ಇಲ್ಲವೇ ಎಂಬುದು ಆ ನಡಿಗೆಯ ಪ್ರಶ್ನೆ. ಗಾಂಧೀಜಿಯ ಬಂಧನವಾದ ಮೇಲೆ ಧಾರಾಸಣದ ಸತ್ಯಾಗ್ರಹದ ನೇತೃತ್ವ ವಹಿಸಿಕೊಂಡವರು ಎಪ್ಪತ್ತಾರರ ಹರೆಯದ ನಿವೃತ್ತ ನ್ಯಾಯಾಧೀಶ ಅಬ್ಬಾಸ್ ತಯ್ಯಬ್ಜಿ ಎಂಬುದನ್ನು ನಮ್ಮ ಮಕ್ಕಳಿಗೆ ಯಾವ ಪಠ್ಯಪುಸ್ತಕ ಹೇಳುತ್ತದೆ? ಅದೇ ಏಪ್ರಿಲಿನಲ್ಲಿ ನಮ್ಮ ಅಂಕೋಲೆಯ ಜನರೂ ಉಪ್ಪು ಎತ್ತಿದರು. ದಡದಲ್ಲಿ ನಡೆಯುವ ಹಕ್ಕು ಮತ್ತು ದಡದಿಂದ ಬದುಕು ಪಡೆಯುವ ಹಕ್ಕು ಇವೆರಡನ್ನೂ ಅಂದು ಯಾರೂ ಬೇರೆ ಮಾಡಿರಲಿಲ್ಲ. ಈಗಿನ ನದಿದಂಡೆಯಲ್ಲಿ ಯಾರಾದರೂ ಬಾಗಿ ಒಂದು ಹಿಡಿ ಏನನ್ನಾದರೂ ಎತ್ತಿಕೊಂಡರೆ ಸೀಟಿ ಊದುತ್ತಾರೆ.

ನಮ್ಮ ಧಾರ್ಮಿಕ ಪರಂಪರೆ ಈ ಬಗ್ಗೆ ಏನು ಹೇಳುತ್ತದೆ ಎಂಬುದನ್ನೂ ನೋಡೋಣ. ಕೇವಲ ವುಝೂವಿನ ನೀರಿನ ಬಗ್ಗೆ ಪ್ರವಚನ ಕೇಳಿ ಮನೆಗೆ ಹೋಗುವ ನಮಗೆ ಇದು ಅಷ್ಟಾಗಿ ತಿಳಿದಿಲ್ಲ. ನೀರು, ಹುಲ್ಲು ಮತ್ತು ಬೆಂಕಿ ಈ ಮೂರರಲ್ಲಿ ಜನರೆಲ್ಲರೂ ಪಾಲುದಾರರು ಎಂಬುದು ಪ್ರವಾದಿ ಮುಹಮ್ಮದರ(ಸ) ಬೋಧನೆ. ಫಿಕ್‌ಹ್ ವಿದ್ವಾಂಸರು ಇದರ ಆಧಾರದ ಮೇಲೆ ವಿವರವಾದ ಕಾನೂನನ್ನೇ ಕಟ್ಟಿದರು. ಬಾಯಾರಿದ ಮನುಷ್ಯನಿಗೂ ಪ್ರಾಣಿಗೂ ನೀರು ಕುಡಿಯುವ ಹಕ್ಕಿದೆ. ಅದನ್ನು ಅವರು 'ಶಫಾ' ಎಂದರು, ತುಟಿಯ ಹಕ್ಕು ಎಂದರ್ಥ. ಬಾವಿಗೆ, ಕಾಲುವೆಗೆ, ನದಿಗೆ ಒಂದು 'ಹರೀಮ್' ಇದೆ: ನೀರಿನ ಅಂಚಿಗೆ ಹೊಂದಿಕೊಂಡ, ಯಾರೂ ಕಟ್ಟಡ ಕಟ್ಟಿ ಸ್ವಂತ ಮಾಡಿಕೊಳ್ಳಬಾರದ ನೆಲದ ಪಟ್ಟಿ. ಜನ ನೀರಿಗೆ ಇಳಿಯಲು, ಹೂಳು ತೆಗೆಯಲು ಅದು ತೆರೆದಿರಬೇಕು. ಉಸ್ಮಾನಿಯಾ ಸಾಮ್ರಾಜ್ಯ 1869ರಿಂದ 1876ರ ನಡುವೆ ಸಿದ್ಧಪಡಿಸಿದ 'ಮಜಲ್ಲಾ' ಸಂಹಿತೆಯ 1234ನೆಯ ಕಲಮು ಆ ಮೂರು ವಸ್ತುಗಳ ಮೇಲಿನ ಸರ್ವರ ಪಾಲುದಾರಿಕೆಯನ್ನೇ ಕಾನೂನಾಗಿ ಬರೆದಿಟ್ಟಿದೆ. ಹರಿಯುವ ನೀರಿನ ಮೀನು ಯಾರ ಸೊತ್ತೂ ಅಲ್ಲ, ಹಿಡಿದವನದು.

ಇದು ಮುಸ್ಲಿಮರಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. 1996ರ ಡಿಸೆಂಬರಿನಲ್ಲಿ ಎಂ.ಸಿ. ಮೆಹ್ತಾ ಮತ್ತು ಕಮಲ್‌ನಾಥ್ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಕುಲ್ದೀಪ್ ಸಿಂಗ್ ಮತ್ತು ಸಗೀರ್ ಅಹ್ಮದ್ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ ಇದೇ ತತ್ವವನ್ನು ಭಾರತದ ಕಾನೂನಾಗಿಸಿತು. ಬಿಯಾಸ್ ನದಿಯನ್ನು ತಿರುಗಿಸಿ ರೆಸಾರ್ಟ್ ಉಳಿಸಿಕೊಳ್ಳಲು ಹೊರಟವರಿಗೆ ಕೋರ್ಟು ಹೇಳಿದ್ದಿಷ್ಟು: ನದಿ, ತೀರ, ಕಾಡು, ಗಾಳಿ ಸರಕಾರದ ಆಸ್ತಿಯಲ್ಲ, ಜನರ ಪರವಾಗಿ ಅದು ಕಾಯುತ್ತಿರುವ ಅಮಾನತ್ತು. ತೀರ್ಪು ತನ್ನ ಆಧಾರಕ್ಕಾಗಿ ಪ್ರಾಚೀನ ರೋಮ್‌ವರೆಗೂ ಹೋಗಿತ್ತು. ಸ್ವಲ್ಪ ಮಗ್ಗುಲಿಗೆ ತಿರುಗಿದ್ದರೆ ಮದೀನಾದಲ್ಲೂ ಸಿಗುತ್ತಿತ್ತು, ಇರಲಿ.

ಈಗ ನಮ್ಮ ನೇತ್ರಾವತಿಗೆ ಬರೋಣ. ಜೆಪ್ಪು, ಬೋಳಾರ, ಹೊಯಿಗೆ ಬಜಾರ್ ಉದ್ದಕ್ಕೂ ಈ ನದಿಯ ದಂಡೆ ಒಂದು ಕಾಲಕ್ಕೆ ದುಡಿಮೆಯ ದಂಡೆ. ಬಾಸೆಲ್ ಮಿಶನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ನದಿ ಹತ್ತಿರವಿತ್ತೆಂದೇ. ಆವೆಮಣ್ಣು ದೋಣಿಯಲ್ಲಿ ಬರಬೇಕು, ಸುಟ್ಟ ಹಂಚು ದೋಣಿಯಲ್ಲಿ ಹೋಗಬೇಕು. ಹೊಯಿಗೆ ಎಂದರೆ ಮರಳು. ಬಜಾರಿನ ಹೆಸರೇ ನದಿಯ ಋಣವನ್ನು ಹೇಳುತ್ತದೆ. ಸಮುದ್ರದ ಉಬ್ಬರ ಇಳಿತ ಇಲ್ಲಿಯ ಗಡಿಯಾರ. ಇಳಿತದ ಹೊತ್ತಿಗೆ ಸೊಂಟದುದ್ದ ನೀರಿಗಿಳಿದು ಮರುವಾಯಿ ಹೆಕ್ಕುವವರು, ಬೀಸುಬಲೆ ಎಸೆಯುವವರು, ಪಾತಿದೋಣಿಯಲ್ಲಿ ಏಡಿಗೆ ಹೋಗುವವರು, ಕಾಣೆ ಸಿಕ್ಕರೆ ಅದೃಷ್ಟವೆಂದು ಗಾಳ ಹಾಕಿ ಕೂರುವವರು: ಮೊಗವೀರರು, ಬ್ಯಾರಿಗಳು, ಕ್ರೈಸ್ತರು ಎಲ್ಲರೂ ಇದ್ದಾರೆ. ರಾಜಕೀಯದವರು ಊರನ್ನು ಎಷ್ಟೇ ಹೋಳು ಮಾಡಿದರೂ ಅಳಿವೆಯಲ್ಲಿ ಬಲೆ ಸಿಕ್ಕಿಹಾಕಿಕೊಂಡಾಗ ಬಿಡಿಸಲು ಬರುವವನ ಜಾತಿಯನ್ನು ಯಾರೂ ಕೇಳುವುದಿಲ್ಲ.

ಈ ದಂಡೆಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಡಿ ವಾಯುವಿಹಾರದ ದಾರಿ ಬಂತು. ಕಾಂಡ್ಲಾ ಗಿಡಗಳಿಗೆ ಧಕ್ಕೆಯಾಗುತ್ತಿದೆ, ನದಿಗೆ ಮಣ್ಣು ಸುರಿಯಲಾಗುತ್ತಿದೆ ಎಂದು ಪರಿಸರದ ಕಾಳಜಿಯುಳ್ಳವರು ದೂರಿದರು. ಆ ದೂರಿನ ತಾಂತ್ರಿಕ ವಾದವಿವಾದಕ್ಕೆ ನಾವು ಇಲ್ಲಿ ಇಳಿಯುವುದಿಲ್ಲ. ಆದರೆ ಗಾಳ ಹಿಡಿದವನ ಕಡೆಯಿಂದ ಒಂದು ಮಾತು ಹೇಳಬೇಕು. ಕಾಂಡ್ಲಾದ ಬೇರುಗಳ ನಡುವಿನ ಕೆಸರು ನೋಡಲು ಚಂದವಿಲ್ಲ, ವಾಸನೆಯೂ ಇದೆ. ಆದರೆ ಸಿಗಡಿಯ, ಏಡಿಯ, ಎಷ್ಟೋ ಮೀನುಗಳ ಮರಿಗಳು ದೊಡ್ಡ ಮೀನಿನ ಬಾಯಿಯಿಂದ ತಪ್ಪಿಸಿಕೊಂಡು ಬೆಳೆಯುವ ತೊಟ್ಟಿಲು ಅದು. ದಡ ಇಳಿಜಾರಾಗಿದ್ದರೆ ಇಳಿತದಲ್ಲಿ ಆಳವಿಲ್ಲದ ನೀರು, ಮರುವಾಯಿಯ ಹಾಸು ಉಳಿಯುತ್ತದೆ. ನೇರ ಗೋಡೆ ಕಟ್ಟಿದರೆ ಇಳಿಯಲು ಜಾಗವೂ ಇಲ್ಲ, ಹೆಕ್ಕಲು ಮರುವಾಯಿಯೂ ಇಲ್ಲ. ಹಾಗಾಗಿ ಎಷ್ಟೋ ಕಡೆ ಗಾಳವನ್ನು ನಿಷೇಧಿಸುವ ಫಲಕವೇ ಬೇಕಾಗಿಲ್ಲ, ಗೋಡೆಯೇ ಸಾಕು.

ಉಬ್ಬರ ಇಳಿತ ತಲುಪುವ ನದಿದಂಡೆಗಳು ಕರಾವಳಿ ನಿಯಂತ್ರಣ ವಲಯದ ಕಾನೂನಿಗೆ ಒಳಪಡುತ್ತವೆ. 2011ರ ಅಧಿಸೂಚನೆ ತನ್ನ ಉದ್ದೇಶಗಳಲ್ಲಿ ಮೊದಲಿಗೇ ಮೀನುಗಾರ ಸಮುದಾಯಗಳ ಜೀವನೋಪಾಯದ ಭದ್ರತೆಯನ್ನು ಹೇಳಿತ್ತು. 2019ರಲ್ಲಿ ಬಂದ ಹೊಸ ಅಧಿಸೂಚನೆ ಇಂಥ ನದಿ, ಹಿನ್ನೀರುಗಳ ದಂಡೆಯಲ್ಲಿ 100 ಮೀಟರಿದ್ದ ವಲಯವನ್ನು 50 ಮೀಟರಿಗೆ ಇಳಿಸಿತು. ಆ ಐವತ್ತು ಮೀಟರ್ ಯಾರಿಗಾಗಿ ಬಿಟ್ಟುಕೊಟ್ಟದ್ದು ಎಂದು ತಿಳಿಯಬೇಕಾದರೆ ಮುಂದಿನ ಹತ್ತು ವರ್ಷ ದಂಡೆಯಲ್ಲಿ ಏಳುವ ಕಟ್ಟಡಗಳ ಹೆಸರು ಓದುತ್ತಾ ಹೋದರೆ ಸಾಕು.

ಇಲ್ಲಿ ನಾವು ನಮ್ಮವರ ಕಡೆಗೂ ಬೆರಳು ತೋರಿಸಲೇಬೇಕು. ನದಿ ಕಾಣುವ ಕಿಟಕಿಗೆ ಚದರ ಅಡಿಗಿಷ್ಟು ಎಂದು ಹೆಚ್ಚುವರಿ ಬೆಲೆ ಕಟ್ಟಿ ಫ್ಲ್ಯಾಟು ಮಾರುವ ಬಿಲ್ಡರುಗಳಲ್ಲಿ ಸಮುದಾಯದ ಗಣ್ಯರಿಲ್ಲವೇ? ಗಲ್ಫಿನಲ್ಲಿ ಬೆವರು ಸುರಿಸಿ ಗಳಿಸಿದ ದುಡ್ಡಿನಿಂದ ಅಂಥ ಕಿಟಕಿಯನ್ನು ಕೊಂಡು, ಕೆಳಗೆ ಬಲೆ ಒಣಗಿಸುವವನ ವಾಸನೆಗೆ ಮೂಗು ಮುಚ್ಚಿಕೊಳ್ಳುವವರಿಲ್ಲವೇ? ಆತನ ಅಪ್ಪನೋ ಅಜ್ಜನೋ ಅದೇ ಮೀನಿನ ಬುಟ್ಟಿ ಹೊತ್ತು ಮಗನನ್ನು ವಿಮಾನ ಹತ್ತಿಸಿರುತ್ತಾನೆ. ಕತ್ತಲಲ್ಲಿ ಸೇತುವೆಯಿಂದ ಕೋಳಿತ್ಯಾಜ್ಯದ ಚೀಲವನ್ನು ನದಿಗೆಸೆದು ಹೋಗುವ ಅಂಗಡಿಯವರ ಬಗ್ಗೆ ಜುಮಾ ಖುತ್ಬಾದಲ್ಲಿ ಒಂದು ಮಾತು ಕೇಳಿದ್ದು ನಮಗೆ ನೆನಪಿಲ್ಲ. ಹರಿಯುವ ನದಿಯ ದಡದಲ್ಲಿದ್ದರೂ ವುಝೂವಿಗೆ ನೀರನ್ನು ದುಂದು ಮಾಡಬೇಡಿ ಎಂದ ಪ್ರವಾದಿಯ(ಸ) ಅನುಯಾಯಿಗಳು ನಾವು.

ಗಾಳ ನಿಷೇಧಕ್ಕೆ ಕೊಡುವ ಕಾರಣಗಳೂ ನಮಗೆ ಗೊತ್ತಿವೆ. ಕೊಕ್ಕೆ ನಡೆಯುವವರ ಕಾಲಿಗೆ ಚುಚ್ಚಬಹುದಂತೆ, ಮೀನಿನ ವಾಸನೆ ಪ್ರವಾಸಿಗಳನ್ನು ಓಡಿಸಬಹುದಂತೆ, ಮುದುಕರು ನೀರಿಗೆ ಬೀಳಬಹುದಂತೆ. ಮುರಿದ ಬಿಯರ್ ಬಾಟಲಿ ಕಾಲಿಗೆ ಚುಚ್ಚುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ, ಗಾಳದ ಕೊಕ್ಕೆಯನ್ನು ಇನ್ನೂ ಕಂಡಿಲ್ಲ. ವಾಸನೆಯ ಮಾತಿಗೆ ಇಸ್ತಾಂಬುಲ್ ಉತ್ತರಿಸುತ್ತದೆ. ಅಲ್ಲಿನ ಗಲಾಟಾ ಸೇತುವೆಯ ಮೇಲೆ, ಟ್ರಾಮು ಓಡುವ ನಟ್ಟನಡುವಿನ ನಗರದಲ್ಲಿ, ಬೆಳಗಿನಿಂದ ರಾತ್ರಿಯವರೆಗೆ ಜನ ಕಟಕಟೆಗೆ ಸಾಲಾಗಿ ಗಾಳದ ಕೋಲುಗಳನ್ನು ಆನಿಸಿ ನಿಂತಿರುತ್ತಾರೆ. ಅವರ ಬೆನ್ನ ಹಿಂದೆಯೇ ಪ್ರವಾಸಿಗಳು ನಡೆಯುತ್ತಾರೆ, ಸೇತುವೆಯ ಕೆಳಗಿನ ಹೋಟೆಲುಗಳಲ್ಲಿ ಮೀನು ತಿನ್ನುತ್ತಾರೆ. ಆ ಗಾಳದವರನ್ನು ನೋಡಲೆಂದೇ ಜಗತ್ತಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ನಮ್ಮ ಅಧಿಕಾರಿಗಳೂ ಅಧ್ಯಯನ ಪ್ರವಾಸದ ಹೆಸರಲ್ಲಿ ಅಲ್ಲಿಗೆ ಹೋಗಿ ಫೋಟೊ ತೆಗೆಸಿಕೊಂಡು ಬಂದರೆ ಆಶ್ಚರ್ಯವಿಲ್ಲ. ಊರಿಗೆ ಮರಳಿ ಮತ್ತೆ ಅದೇ ಕೆಂಪು ಗೆರೆ ಎಳೆಯುತ್ತಾರೆ.

ಕೇಳುತ್ತಿರುವುದು ಅಂಥ ದೊಡ್ಡದೇನೂ ಅಲ್ಲ. ದಾರಿ ಇರಲಿ, ಆದರೆ ಅಲ್ಲಲ್ಲಿ ನೀರಿಗೆ ಇಳಿಯುವ ಮೆಟ್ಟಿಲೂ ಇರಲಿ. ನಮ್ಮ ಹಿರಿಯರು ಅದನ್ನು ಕಡವು ಎಂದು ಕರೆಯುತ್ತಿದ್ದರು, ಅದಕ್ಕೆ ಸಲಹಾ ಕಂಪೆನಿಯ ನಕ್ಷೆ ಬೇಕಾಗಿರಲಿಲ್ಲ. ದೋಣಿ ಕಟ್ಟಲು ಗೂಟ, ಬಲೆ ಒಣಗಿಸಲು ಒಂದಿಷ್ಟು ನೆಲ ಬಿಡಿ. ಕಾಂಡ್ಲಾ ಇರುವಲ್ಲಿ ದಾರಿಯೇ ಸುತ್ತಿಕೊಂಡು ಹೋಗಲಿ. ನಡೆಯಲೆಂದೇ ಬಂದವರಿಗೆ ನೂರು ಹೆಜ್ಜೆ ಹೆಚ್ಚಾದರೆ ಲಾಭವೇ. ಮೀನಿನ ಪೆಟ್ಟಿಗೆಯ ಸೈಕಲ್ಲು ಸೈಕಲ್ಲೇ ಎಂದು ಒಪ್ಪಿಕೊಳ್ಳಿ. ಟಿಕೆಟ್ ಕೌಂಟರ್ ಬೇಡ. ಮತ್ತು ನಕ್ಷೆ ಬರೆಯುವ ಮೊದಲು, ಬರೆದು ಮುಗಿಸಿದ ಮೇಲಲ್ಲ, ಆ ನೀರಿನಲ್ಲಿ ಕಾಲಿಟ್ಟವರನ್ನು ಕರೆದು ಕೂರಿಸಿ ಕೇಳಿ. ಮರುವಾಯಿ ಹೆಕ್ಕುವ ಹೆಂಗಸಿಗೆ ದಡದ ಬಗ್ಗೆ ಗೊತ್ತಿರುವಷ್ಟು ಯಾವ ಎಂಜಿನಿಯರಿಗೂ ಗೊತ್ತಿರುವುದಿಲ್ಲ.

ಆ ಅಜ್ಜನನ್ನು ನಾವು ಮತ್ತೆ ಕಂಡದ್ದು ಮೂರು ವಾರಗಳ ನಂತರ. ಕಾಂಕ್ರೀಟು ದಾರಿ ಮುಗಿದು ಕೆಸರು ಆರಂಭವಾಗುವಲ್ಲಿ, ಬಾಗಿದ ಒಂದು ತೆಂಗಿನ ಮರದ ಬುಡದಲ್ಲಿ ಕುಳಿತಿದ್ದರು. ಈ ಸಲ ನಾವು ನಿಂತು ಮಾತಾಡಿಸಿದೆವು. ಆ ಮರದಿಂದ ನಾಲ್ಕು ಮಾರು ಆಚೆ ಬಿಳಿ ಬಣ್ಣ ಬಳಿದ ಗುರುತಿನ ಕಲ್ಲು ನೆಟ್ಟಿದ್ದರು. ದಾರಿಯ ಎರಡನೆಯ ಹಂತವಂತೆ. ಕಚೇರಿಯಲ್ಲಿ ವಿಚಾರಿಸಿದಾಗ ಆಕ್ಷೇಪಣೆ ಕೊಡುವುದಾದರೆ ಬರೆದು ಕೊಡಿ ಎಂದರು. ಬರೆದಿದ್ದೇವೆ. ವಾಕಿಂಗಿಗೆ ಬರುವ ಹೆಂಗಸರಲ್ಲಿ ಹನ್ನೊಂದು ಮಂದಿ ಸಹಿ ಹಾಕಿದ್ದಾರೆ. ಮೊದಲನೆಯ ಸಾಲಿನಲ್ಲಿ ಅಜ್ಜನ ಹೆಬ್ಬೆಟ್ಟಿದೆ. ಸಿಗಡಿಯ ವಾಸನೆ ಕಾಗದಕ್ಕೂ ಅಂಟಿದೆ.